ದುಡಿಯುವ ಮಗ ಮನೆಯಲ್ಲಿದ್ದರೆ ಅಪ್ಪ ಅಮ್ಮನಿಗೆ ಲೈಫ್ ಮನೆ ಸಿಗುತ್ತದೆಯೇ?

ಅರ್ಜಿಯ ಮಾತು ಆಮೇಲೆ. ಮೊದಲು ರೇಷನ್ ಕಾರ್ಡನ್ನು ಹೊರಗೆ ತೆಗೆಯಿರಿ. ಲೈಫ್ ಮಿಷನ್ ಎಂದರೆ ಮನೆ ಇಲ್ಲದವರಿಗೆ ಮನೆ ಕಟ್ಟಲು ಹಣ ಕೊಡುವ ಕೇರಳ ಸರಕಾರದ ಯೋಜನೆ. ಆ ಮನೆಯ ವಿಚಾರ ಕೇಳಲು ಬರುವವರು ತೀರ್ವೆ ರಶೀದಿ, ಆಧಾರ್, ಸೋರುವ ಮಾಡಿನ ಫೋಟೊ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ತಂದಿರುತ್ತಾರೆ. ಕಾರ್ಡು ಮಾತ್ರ ಅಕ್ಕಿ ತರುವ ಚೀಲದಲ್ಲಿಯೇ ಉಳಿದಿರುತ್ತದೆ. ಮನೆ ಸಿಗುತ್ತದೋ ಇಲ್ಲವೋ ಎನ್ನುವುದರ ಮುಕ್ಕಾಲು ಪಾಲು ಉತ್ತರ ಇರುವುದು ಅದರಲ್ಲಿ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಕಡೆಯ ವಿಲೇಜ್ ಆಫೀಸುಗಳಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿದ್ದು ನಿವೃತ್ತನಾದವನು. ವರಮಾನ ಸರ್ಟಿಫಿಕೇಟಿಗೆ ಅರ್ಜಿ ಬಂದಾಗ ಮನೆಗೆ ಹೋಗಿ ಜಗಲಿಯಲ್ಲಿ ಕೂತು ವಿಚಾರಿಸಿ ಬರುವುದು ನನ್ನ ಕೆಲಸವಾಗಿತ್ತು. ಈಗ ಪೇಟೆಗೆ ಹೋದರೆ ಚಹಾ ಕುಡಿಯುವಷ್ಟರಲ್ಲಿ ಯಾರಾದರೂ ಪಕ್ಕಕ್ಕೆ ಬಂದು, "ಅಣ್ಣಾ, ಮಗನಿಗೆ ಮಂಗಳೂರಿನಲ್ಲಿ ಕೆಲಸ ಆಗಿದೆ, ಇನ್ನು ನಮಗೆ ಮನೆ ಇಲ್ಲವಾ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ಲೈಫ್ ಯೋಜನೆ ಕೇರಳದಲ್ಲಿ ಆರಂಭವಾದದ್ದು 2016ರಲ್ಲಿ. ಸಾಮಾನ್ಯ ಫಲಾನುಭವಿಗೆ ಮನೆ ಕಟ್ಟಲು 4 ಲಕ್ಷ ರೂಪಾಯಿ, ಪರಿಶಿಷ್ಟ ವರ್ಗದ ಹಾಡಿಗಳಲ್ಲಿ ಇರುವವರಿಗೆ 6 ಲಕ್ಷ. ಹೊಸದಾಗಿ ಹೆಸರು ಸೇರಿಸಲು 2020ರಲ್ಲಿ ಅರ್ಜಿ ಕರೆದಾಗ ಸರಕಾರ ಹಾಕಿದ ನಿಯಮಗಳೇ ನಮಗೆ ದಿಕ್ಕು. ಒಂದು ರೇಷನ್ ಕಾರ್ಡಿನಲ್ಲಿ ಇರುವವರೆಲ್ಲ ಸೇರಿ ಒಂದು ಕುಟುಂಬ. ಕಾರ್ಡು 2020ರ ಜುಲೈ 1ಕ್ಕಿಂತ ಮೊದಲಿನದಾಗಿರಬೇಕು. ಕಾರ್ಡಿನಲ್ಲಿ ಹೆಸರಿರುವ ಒಬ್ಬರಿಗೂ ವಾಸಯೋಗ್ಯ ಮನೆ ಇರಬಾರದು. ವರ್ಷದ ವರಮಾನ 3 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು. ಸರಕಾರಿ ನೌಕರರಾಗಲಿ ಸರಕಾರಿ ಪಿಂಚಣಿದಾರರಾಗಲಿ ಕುಟುಂಬದಲ್ಲಿ ಇರಬಾರದು. ಜೀವನೋಪಾಯಕ್ಕಲ್ಲದ ನಾಲ್ಕು ಚಕ್ರದ ವಾಹನ ಇರಬಾರದು. ಜಾಗ ಗ್ರಾಮ ಪಂಚಾಯತಿನಲ್ಲಿ 25 ಸೆಂಟ್ಸು, ನಗರಸಭೆಯಲ್ಲಿ 5 ಸೆಂಟ್ಸು ಮೀರಬಾರದು. ಪರಿಶಿಷ್ಟ ಜಾತಿ, ವರ್ಗದವರಿಗೆ ಈ ಜಾಗದ ಮಿತಿಯಲ್ಲಿ ರಿಯಾಯಿತಿ ಇದೆ. ಮುಂದೆ ಹೊಸ ಪಟ್ಟಿಗೆ ಅರ್ಜಿ ಕರೆದಾಗ ತಾರೀಕು ಬದಲಾಗಬಹುದು, ಅಂಕಿಯೂ ಬದಲಾಗಬಹುದು. ಆಗಿನ ಆದೇಶವನ್ನು ಪಂಚಾಯತಿನಲ್ಲಿ ಕೇಳಿ ಓದಿಕೊಳ್ಳಿ.

ಈ ನಿಯಮಗಳಲ್ಲಿ ಮಗ, ಮಗಳು ಎಂಬ ಮಾತು ಎಲ್ಲಿಯೂ ಎದ್ದು ಕಾಣುವುದಿಲ್ಲ. ಆದರೆ ಪ್ರತಿಯೊಂದರ ಒಳಗೂ ಅವರಿದ್ದಾರೆ. ಅಪ್ಪ ಅಮ್ಮ ಇಬ್ಬರೇ ಇದ್ದರೆ ವರಮಾನವೂ ಕಡಿಮೆ, ವಾಹನವೂ ಇಲ್ಲ, ನೌಕರಿಯೂ ಇಲ್ಲ. ಅರ್ಹತೆಗೆ ತೊಂದರೆ ಇರುವುದಿಲ್ಲ. ಇಪ್ಪತ್ತನಾಲ್ಕು ವರ್ಷದ ಮಗ ಕಾರ್ಡಿನಲ್ಲಿ ಇದ್ದಾನೆ ಎಂದ ಕೂಡಲೇ ಅವನ ಸಂಬಳ, ಅವನ ಹೆಸರಿನ ಕಾರು, ಅವನ ನೌಕರಿ ಎಲ್ಲವೂ ಅಪ್ಪನ ಅರ್ಜಿಯ ಮೇಲೆ ಬಂದು ಕೂರುತ್ತವೆ.

ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿ ಬಾಡಿಗೆ ಮನೆಯಲ್ಲಿರುವ, ಪಿಂಚಣಿಯ ಪ್ರಾಯ ದಾಟಿದ ಬಡವರಿಗೆ ಬಾಡಿಗೆ ಕಟ್ಟಲು ಹೌಸಿಂಗ್ ಬೆನಿಫಿಟ್ ಎಂಬ ನೆರವು ಇದೆ. ಹದಿನೆಂಟು ತುಂಬಿದ ಮಗನೋ ಮಗಳೋ ಜತೆಯಲ್ಲಿ ಇದ್ದರೆ ಅವರ ದುಡಿಮೆಗೆ ತಕ್ಕಂತೆ ವಾರಕ್ಕೆ ಇಂತಿಷ್ಟು ಎಂದು ತಾಯಿಯ ನೆರವಿನಿಂದ ಕಡಿತ ಮಾಡುತ್ತಾರೆ. ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ಸಾಮಾನ್ಯವಾಗಿ ಕಡಿತವಿಲ್ಲ. ಮಗ ತಾಯಿಯ ಕೈಗೆ ನಿಜವಾಗಿ ಎಷ್ಟು ಕೊಡುತ್ತಾನೆ ಎಂದು ಅಲ್ಲಿಯೂ ಕೇಳುವುದಿಲ್ಲವಂತೆ. ಅವನ ಒಟ್ಟು ಸಂಬಳವನ್ನಷ್ಟೇ ನೋಡುವುದು. ನಮ್ಮಲ್ಲಿ ಕಡಿತ ಎಂಬುದೇ ಇಲ್ಲ. ಸಿಕ್ಕಿದರೆ ಪೂರ್ತಿ 4 ಲಕ್ಷ, ತಪ್ಪಿದರೆ ಸೊನ್ನೆ. ಒಂದು ರೂಪಾಯಿ ಹೆಚ್ಚಾದರೂ ಹೊರಗೆ. ಆದ್ದರಿಂದ ಲೆಕ್ಕ ಸರಿಯಾಗಿರಬೇಕು ಎಂದು ನಾನು ಬಡಿದುಕೊಳ್ಳುವುದು.

ಆ ಲೆಕ್ಕ ಹೇಗೆ ಎಂದು ಒಂದು ಮನೆಯನ್ನು ಇಟ್ಟುಕೊಂಡು ನೋಡೋಣ. ಅಪ್ಪ ಅಡಿಕೆ ತೋಟಗಳಲ್ಲಿ ಕೂಲಿ ಮಾಡುತ್ತಾರೆ. ಅಮ್ಮ ಬೀಡಿ ಕಟ್ಟುತ್ತಾರೆ. ಮಗ ಮಂಗಳೂರಿನ ಮೊಬೈಲ್ ಅಂಗಡಿಯಲ್ಲಿ ತಿಂಗಳಿಗೆ 18,000ಕ್ಕೆ ದುಡಿದು ದಿನಾ ರಾತ್ರಿ ಮನೆಗೆ ಬರುತ್ತಾನೆ. ಅವನ ವರ್ಷದ ದುಡಿಮೆ 2,16,000. ಅಮ್ಮನದು ತಿಂಗಳಿಗೆ 3,000ದಂತೆ 36,000. ಅಪ್ಪನದು ತಿಂಗಳಿಗೆ 4,000 ಎಂದು ಬಾಯಿಗೆ ಬಂದಂತೆ ಹೇಳಿದರೆ 48,000. ಕೂಡಿಸಿ ನೋಡಿ: ಸರಿಯಾಗಿ 3,00,000. ನಿಯಮ ಹೇಳುವುದು 3 ಲಕ್ಷಕ್ಕಿಂತ ಕಡಿಮೆ ಎಂದು. ಮನೆ ಹೋಯಿತು.

ಈಗ ಅದೇ ಜಗಲಿಯಲ್ಲಿ ಕೂತು ಇನ್ನೊಂದು ಪ್ರಶ್ನೆ ಕೇಳಬೇಕು: "ಆಟಿ ತಿಂಗಳಲ್ಲಿ ಏನು ಕೆಲಸ?" ಅಪ್ಪ ನಗುತ್ತಾರೆ. ಜೂನಿನಿಂದ ಆಗಸ್ಟಿನವರೆಗೆ ಮಳೆ ಹಿಡಿದರೆ ಕೂಲಿಗೆ ಕರೆಯುವವರಿಲ್ಲ, ಕರೆದರೂ ಅಲ್ಲೊಂದು ಇಲ್ಲೊಂದು ದಿನ. ಹಾಗಾದರೆ ಅವರ ನಿಜವಾದ ದುಡಿಮೆ ಒಂಬತ್ತು ತಿಂಗಳದ್ದು, 36,000. ಒಟ್ಟು 2,88,000. ಮನೆಗೆ ಅರ್ಹರು. ಇದರಲ್ಲಿ ಸುಳ್ಳು ಎಲ್ಲಿದೆ? ಸುಳ್ಳು ಇದ್ದದ್ದು ಮೊದಲಿನ ಲೆಕ್ಕದಲ್ಲಿ. ನಮ್ಮ ಜನ ಮರ್ಯಾದೆಗೆ ಅಂಜಿ ವರಮಾನವನ್ನು ಹೆಚ್ಚು ಹೇಳುವುದನ್ನು ನಾನು ಎಷ್ಟೋ ಜಗಲಿಗಳಲ್ಲಿ ಕಂಡಿದ್ದೇನೆ, ಮಗಳ ಮದುವೆಯ ಮಾತುಕತೆ ನಡೆಯುತ್ತಿದ್ದರಂತೂ ಕೇಳುವುದೇ ಬೇಡ. ಬೀಡಿಯದ್ದೂ ಹಾಗೆಯೇ. ಎಲೆ ಸರಿ ಇಲ್ಲದ ವಾರ, ಕೈ ನೋವಿನ ವಾರ, ಮದುವೆ ಮುಂಜಿಯ ವಾರಗಳನ್ನು ಕಳೆದು ಲೆಕ್ಕ ಹಾಕಿ. ಬೀಡಿ ಬ್ರಾಂಚಿನಲ್ಲಿ ಬರೆದುಕೊಟ್ಟ ಪುಸ್ತಕ ಇದ್ದರೆ ಅದೇ ಸಾಕ್ಷಿ.

ಮಗನ ಸಂಬಳಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಅದು ಬ್ಯಾಂಕಿಗೆ ಬೀಳುವ ಹಣ, ತಿಂಗಳು ತಿಂಗಳು ದಾಖಲೆ ಇರುತ್ತದೆ. "ಅವನು ಮನೆಗೆ ಕೊಡುವುದು 5,000 ಮಾತ್ರ, ಉಳಿದದ್ದು ಬೈಕಿನ ಸಾಲಕ್ಕೆ" ಎಂಬ ಮಾತು ಅಮ್ಮಂದಿರ ಬಾಯಿಯಲ್ಲಿ ಸಾಮಾನ್ಯ. ಮಾತು ನಿಜವೇ ಇರಬಹುದು, ಆದರೆ ಲೆಕ್ಕಕ್ಕೆ ಬರುವುದಿಲ್ಲ. ಅವನು ದುಡಿಯುವುದನ್ನು ಬರೆಯಬೇಕು, ಕೊಡುವುದನ್ನಲ್ಲ. ಅಂಗಡಿಯವರಿಂದ ಸಂಬಳದ ಚೀಟಿ ತಂದಿಟ್ಟುಕೊಳ್ಳಿ. ವರಮಾನ ಸರ್ಟಿಫಿಕೇಟಿನ ಅರ್ಜಿಯನ್ನು ಅಕ್ಷಯ ಕೇಂದ್ರದಲ್ಲಿ (ಸರಕಾರಿ ಸೇವೆಗಳಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಕಡೆ) ಹಾಕಿದ ಮೇಲೆ ಸರ್ಟಿಫಿಕೇಟ್ ಕೊಡುವುದು ವಿಲೇಜ್ ಆಫೀಸರ್. ವಿಚಾರಣೆಗೆ ಬಂದವರಿಗೆ ಅಪ್ಪ ಒಂದು, ಮಗ ಒಂದು ಹೇಳಿದರೆ ಅಲ್ಲಿಗೆ ಫೈಲು ಮಲಗುತ್ತದೆ. ಬೇರೆ ಯಾವುದೋ ಕೆಲಸಕ್ಕೆಂದು ಹಿಂದೆ ಮಾಡಿಸಿದ ವರಮಾನ ಸರ್ಟಿಫಿಕೇಟಿನ ಅವಧಿ ಮುಗಿದಿದೆಯೇ ನೋಡಿ. ಅದು ಸಾಮಾನ್ಯವಾಗಿ ಒಂದು ವರ್ಷಕ್ಕೆ ಮಾತ್ರ ಊರ್ಜಿತ.

ಕಾರ್ಡಿನಲ್ಲೇ ಅಚ್ಚಾಗಿರುವ ತಿಂಗಳ ವರಮಾನವನ್ನೂ ಓದಿ. ಹಲವು ಮನೆಗಳಲ್ಲಿ ಅದು 2017ರಲ್ಲಿ ಕಾರ್ಡು ಹೊಸದಾದಾಗ ಬರೆದದ್ದು. ಮಗ ಆಗ ಶಾಲೆಯಲ್ಲಿದ್ದ. ಸರ್ಟಿಫಿಕೇಟಿನಲ್ಲಿ ಒಂದು ಅಂಕಿ, ಕಾರ್ಡಿನಲ್ಲಿ ಇನ್ನೊಂದು ಅಂಕಿ ಎಂದರೆ ಪ್ರಶ್ನೆ ಬಂದೇ ಬರುತ್ತದೆ. ಗುಲಾಬಿ ಬಣ್ಣದ, ಅಂದರೆ ಆದ್ಯತಾ ಕಾರ್ಡಿನವರಿಗೆ ಇನ್ನೊಂದು ಎಚ್ಚರಿಕೆ: ತಿಂಗಳಿಗೆ 25,000ಕ್ಕಿಂತ ಹೆಚ್ಚು ವರಮಾನ, 1,000 ಚದರ ಅಡಿಗಿಂತ ದೊಡ್ಡ ಮನೆ, ಒಂದು ಎಕರೆಗಿಂತ ಹೆಚ್ಚು ಜಾಗ, ಬಾಡಿಗೆಗೆ ಓಡಿಸಲಲ್ಲದ ಕಾರು ಇವುಗಳಲ್ಲಿ ಯಾವುದಿದ್ದರೂ ಆದ್ಯತಾ ಕಾರ್ಡಿಗೆ ಅರ್ಹತೆ ಇಲ್ಲ. ತಿಂಗಳಿಗೆ 25,000 ಎಂದರೆ ವರ್ಷಕ್ಕೆ 3 ಲಕ್ಷ. ಅಂದರೆ ಮಗನ ಸಂಬಳ ಏರಿ ಲೈಫ್ ಮನೆ ಕೈತಪ್ಪುವ ಹೊತ್ತಿಗೆ ಗುಲಾಬಿ ಕಾರ್ಡಿನ ಗಡಿಯೂ ಬಂದಿರುತ್ತದೆ.

ಕೇಂದ್ರ ಸರಕಾರದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಪಟ್ಟಿಯಲ್ಲಿ ಹೆಸರು ಬಂದವರಿಗೂ ಕೇರಳದಲ್ಲಿ ಲೈಫ್ ಮೂಲಕವೇ ಮನೆ. ಗ್ರಾಮೀಣ ಯೋಜನೆಯ 1,20,000ಕ್ಕೆ ರಾಜ್ಯ ಮತ್ತು ಪಂಚಾಯತಿನ ಪಾಲು ಸೇರಿಸಿ 4 ಲಕ್ಷ ಮಾಡುತ್ತಾರೆ. ಆದರೆ ಆ ಪಟ್ಟಿಗೆ ಸೇರುವ ಅರ್ಹತೆಯ ರೀತಿ ಬೇರೆ, ಜನ ಎಡವುವುದು ಇಲ್ಲಿಯೇ. ಲೈಫ್‌ನಲ್ಲಿ ಎಲ್ಲರ ದುಡಿಮೆಯನ್ನು ಕೂಡಿಸಿ ನೋಡುತ್ತಾರೆ. ಕೇಂದ್ರದ ಗ್ರಾಮೀಣ ಯೋಜನೆಯಲ್ಲಿ ಕುಟುಂಬದ ಯಾರೇ ಒಬ್ಬರು ತಿಂಗಳಿಗೆ 15,000ಕ್ಕಿಂತ ಹೆಚ್ಚು ದುಡಿದರೆ ಸಾಕು, ಇಡೀ ಕುಟುಂಬ ಹೊರಗೆ. 2024ರವರೆಗೆ ಈ ಮಿತಿ 10,000 ಇತ್ತು. ಮೇಲೆ ಹೇಳಿದ 18,000ದ ಮಗ ಲೈಫ್ ಲೆಕ್ಕದಲ್ಲಿ ಹೇಗೋ ಪಾರಾದ, ಇಲ್ಲಿ ಪಾರಾಗುವುದಿಲ್ಲ. ಅಪ್ಪನ ಮಳೆಗಾಲದ ಕತೆ ಇಲ್ಲಿ ಉಪಯೋಗಕ್ಕೆ ಬಾರದು.

ವಾಹನದಲ್ಲಿಯೂ ಇದೇ ವ್ಯತ್ಯಾಸ. ಮಗ ಸೀತಾಂಗೋಳಿಯಲ್ಲಿ ಆಟೋ ಓಡಿಸುತ್ತಾನೆ ಎನ್ನಿ. ಲೈಫ್ ನಿಯಮ ಹೇಳುವುದು ನಾಲ್ಕು ಚಕ್ರದ ಬಗ್ಗೆ, ಅದೂ ಜೀವನೋಪಾಯಕ್ಕೆ ಅಲ್ಲದ್ದು. ಆಟೋ ಅಡ್ಡಿಯಲ್ಲ. ಕೇಂದ್ರದ ಗ್ರಾಮೀಣ ಯೋಜನೆಯಲ್ಲಿ ಮೂರು ಚಕ್ರದ ಯಂತ್ರವಾಹನವೂ ಅಡ್ಡಿ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ 50,000 ಅಥವಾ ಅದಕ್ಕಿಂತ ಹೆಚ್ಚಿದ್ದರೂ ಅಡ್ಡಿ. ನಮ್ಮ ಕಡೆ ಸಹಕಾರಿ ಬ್ಯಾಂಕಿನಲ್ಲಿ ಅಡಿಕೆ ಗಿಡ ತೋರಿಸಿ ಸಾಲ ಮಾಡದ ಮನೆ ಯಾವುದು? ಸಾಲಗಾರನನ್ನು ಸಾಹುಕಾರನೆಂದು ತಿಳಿಯುವ ಈ ನಿಯಮ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ನಿಯಮ ಇದೆ. ಹೀಗಾಗಿ ಪಂಚಾಯತಿನಲ್ಲಿ "ನಿಮಗೆ ಮನೆ ಇಲ್ಲ" ಎಂದರೆ ಸುಮ್ಮನೆ ಎದ್ದು ಬರಬೇಡಿ. ಯಾವ ಪಟ್ಟಿಯಲ್ಲಿ ಇಲ್ಲ, ಯಾವ ಕಾರಣಕ್ಕೆ ಇಲ್ಲ ಎಂದು ವಿಇಒ (ವಿಲೇಜ್ ಎಕ್ಸ್‌ಟೆನ್ಶನ್ ಆಫೀಸರ್) ಅವರನ್ನು ಕೇಳಿ.

ಕಾಸರಗೋಡು, ಕಾಞಂಗಾಡು, ನೀಲೇಶ್ವರ ನಗರಸಭೆಗಳ ಒಳಗಿನವರಿಗೆ ಕೇಂದ್ರದ ನಗರ ಯೋಜನೆ. ಅದರಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಮದುವೆಯಾದ ಮಗ ಅದೇ ಸೂರಿನಡಿಯಲ್ಲಿ ಇದ್ದರೂ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ.

ಇನ್ನು ಮಗಳು. ದುಡಿಯುವ ಮಗನಿಗಿಂತ ಹೆಚ್ಚು ಅರ್ಜಿಗಳನ್ನು ಕೆಡಿಸಿರುವುದು ಮದುವೆಯಾಗಿ ಹೋದ ಮಗಳ ಹೆಸರು ಎಂದರೆ ನಂಬುತ್ತೀರಾ? ನಮ್ಮಲ್ಲಿ ಹೆಣ್ಣು ಕೊಡುವುದು ಪುತ್ತೂರು, ವಿಟ್ಲ, ಸುಳ್ಯದ ಕಡೆಗೆ. ಮದುವೆಯಾಗಿ ಐದಾರು ವರ್ಷವಾದರೂ ಹೆಸರು ಅಪ್ಪನ ಮನೆಯ ಕಾರ್ಡಿನಲ್ಲಿಯೇ ಇರುತ್ತದೆ. ತೆಗೆಸಿದರೆ ಅಕ್ಕಿ ಕಡಿಮೆಯಾಗುತ್ತದೆ ಎಂಬ ಅಳುಕು ಒಂದು, ರಾಜ್ಯ ಬೇರೆಯಾದ್ದರಿಂದ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ ಇನ್ನೊಂದು. ಆಕೆ ಅಲ್ಲಿ ಗಂಡನೊಂದಿಗೆ ಜಂಟಿ ಹೆಸರಿನಲ್ಲಿ ಮನೆ ಕಟ್ಟಿಸಿದಳು ಎನ್ನಿ. ಇಲ್ಲಿ ಅಪ್ಪನ ಕಾರ್ಡಿನಲ್ಲಿರುವ ಒಬ್ಬರಿಗೆ ಮನೆ ಇದೆ ಎಂದಾಯಿತು. ಕಾರ್ಡಿಗೆ ಆಧಾರ್ ಜೋಡಿಸಿರುವ ಈ ಕಾಲದಲ್ಲಿ ತಲಪಾಡಿಯ ಗಡಿ ದಾಟಿದರೆ ಗುಟ್ಟು ಉಳಿಯುತ್ತದೆ ಎಂದು ತಿಳಿಯಬೇಡಿ. ಅಕ್ಷಯದಲ್ಲಿ ಅರ್ಜಿ ಹಾಕಿ ಹೆಸರು ತೆಗೆಸಿ, ತೆಗೆದ ಪ್ರಮಾಣಪತ್ರವನ್ನು ಪಡೆದುಕೊಳ್ಳಿ. ಆಕೆಗೆ ಗಂಡನ ಮನೆಯ ಕಾರ್ಡಿಗೆ ಹೆಸರು ಸೇರಿಸಲು ಅದೇ ಬೇಕಾಗುತ್ತದೆ. ಅಕ್ಕಿಯ ಮಾತು ಹೇಳುವುದಾದರೆ, ಹಳದಿ ಅಂತ್ಯೋದಯ ಕಾರ್ಡಿಗೆ ತಲೆ ಎಣಿಸದೆ 35 ಕಿಲೊ. ಒಂದು ಹೆಸರು ಹೋದರೂ ಅದು ಬದಲಾಗದು. ಗುಲಾಬಿ ಕಾರ್ಡಿಗೆ ತಲೆಗೆ 5 ಕಿಲೊ ಧಾನ್ಯ. ತಿಂಗಳಿಗೆ 5 ಕಿಲೊ ಧಾನ್ಯವನ್ನು ಉಳಿಸಲು ಹೋಗಿ 4 ಲಕ್ಷ ಕಳೆದುಕೊಳ್ಳುವುದು ಯಾವ ಬುದ್ಧಿವಂತಿಕೆ?

ಕಾರ್ಡು ಒಡೆಯುವ ವಿಚಾರಕ್ಕೆ ಬರುತ್ತೇನೆ. "ಮಗನನ್ನು ಬೇರೆ ಕಾರ್ಡಿಗೆ ಹಾಕಿಬಿಡಿ, ಎಲ್ಲ ಸರಿಯಾಗುತ್ತದೆ" ಎಂದು ಸಲಹೆ ಕೊಡುವವರು ಪ್ರತಿ ವಾರ್ಡಿನಲ್ಲಿ ಇದ್ದಾರೆ. ಅವರ ಮಾತು ಅರ್ಧ ಸರಿ. ಮಗ ಮದುವೆಯಾಗಿ, ಒಲೆ ಬೇರೆಯಾಗಿ, ಉಪ್ಪಳದಲ್ಲೋ ಹೊಸಂಗಡಿಯಲ್ಲೋ ಬಾಡಿಗೆ ಮನೆಯಲ್ಲಿ ಸಂಸಾರ ಮಾಡುತ್ತಿದ್ದರೆ ಅವನ ಹೆಸರು ಅಪ್ಪನ ಕಾರ್ಡಿನಲ್ಲಿ ಇರುವುದೇ ತಪ್ಪು. ಕೂಡಲೇ ಬೇರೆ ಮಾಡಿ. ಅರ್ಜಿ ಕರೆಯುವ ತನಕ ಕಾಯಬೇಡಿ, ಏಕೆಂದರೆ 2020ರಲ್ಲಿ ಆದಂತೆ ಕಾರ್ಡಿಗೆ ಹಿಂದಿನ ತಾರೀಕು ನಿಗದಿ ಮಾಡಿದರೆ ಆಮೇಲೆ ಒಡೆದ ಕಾರ್ಡಿಗೆ ಬೆಲೆ ಇಲ್ಲ. ಆದರೆ ಮಗ ಅಮ್ಮ ಬಡಿಸಿದ ಅನ್ನವನ್ನೇ ಉಂಡು ಅದೇ ಮನೆಯಲ್ಲಿ ಮಲಗುತ್ತಿದ್ದಾನೆ, ಕಾಗದದಲ್ಲಿ ಮಾತ್ರ ಬೇರೆ ಎಂದಾದರೆ ಅದು ನಿಲ್ಲುವುದಿಲ್ಲ. ಪಟ್ಟಿ ಗ್ರಾಮಸಭೆಗೆ ಬರುತ್ತದೆ. ಅಲ್ಲಿ ಕೂತಿರುವವರು ನಿಮ್ಮ ನೆರೆಕರೆಯವರೇ. ನಿಮ್ಮ ಮಗನ ಬೈಕು ರಾತ್ರಿ ಯಾರ ಅಂಗಳದಲ್ಲಿ ನಿಲ್ಲುತ್ತದೆ ಎಂಬುದು ಕಾರ್ಡು ಕೊಡುವ ಸಪ್ಲೈ ಆಫೀಸಿಗೆ ಗೊತ್ತಿಲ್ಲದಿರಬಹುದು, ಆಚೆ ಮನೆಯವರಿಗೆ ಗೊತ್ತಿದೆ. ಅವರಿಗೂ ಮನೆ ಬೇಕಾಗಿದೆ.

ನಿಜವಾಗಿ ಬೇರೆಯಾಗುವವರು ಒಂದನ್ನು ನೆನಪಿಡಿ: ಹಳೆಯ ಕಾರ್ಡು ಅಪ್ಪ ಅಮ್ಮನ ಬಳಿಯೇ ಉಳಿಯಲಿ, ಹೊಸದಕ್ಕೆ ಮಗ ಅರ್ಜಿ ಹಾಕಲಿ. ಹೊಸ ಕಾರ್ಡು ಸಾಮಾನ್ಯವಾಗಿ ಬಿಳಿ ಬಣ್ಣದ್ದು, ಆದ್ಯತೆ ಇಲ್ಲದ್ದು. ಗುಲಾಬಿಗೆ ಬದಲಿಸಲು ಮತ್ತೆ ಬೇರೆ ಅರ್ಜಿ ಹಾಕಬೇಕು, ಕಾಯಬೇಕು. ಔಷಧಿ, ಆಸ್ಪತ್ರೆ ಎಂದು ಓಡಾಡುವ ಪ್ರಾಯದವರು ಆ ಸರದಿಯಲ್ಲಿ ನಿಲ್ಲಬಾರದು. ಕಾರ್ಡಿನ ಯಜಮಾನಿ ಅಮ್ಮನೇ ಆಗಿರುತ್ತಾರೆ. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಮನೆಯ ಹಿರಿಯ ಹೆಂಗಸಿನ ಹೆಸರಿನಲ್ಲಿ ಕಾರ್ಡು. ಆದ್ದರಿಂದ ಅವರ ಸಹಿ, ಅವರ ಆಧಾರ್, ಒಟಿಪಿ ಬರುವ ಮೊಬೈಲ್ ಜತೆಗಿರಲಿ. ಆ ಮೊಬೈಲ್ ಸಂಖ್ಯೆ ಮಗನದ್ದಾಗಿದ್ದು ಅವನು ದುಬಾಯಿಗೆ ಹೋಗಿದ್ದರೆ ಅಕ್ಷಯದಲ್ಲಿ ಅರ್ಧ ದಿನ ಅಲ್ಲಿಗೇ ಮುಗಿಯಿತು.

ಗಲ್ಫಿನಲ್ಲಿರುವ ಮಗನ ಕತೆ ಉದ್ದ ಬೇಡ. ಹೆಸರು ಕಾರ್ಡಿನಲ್ಲಿದ್ದರೆ ದುಡಿಮೆಯೂ ಲೆಕ್ಕಕ್ಕೆ ಬರುತ್ತದೆ. ತಿಂಗಳಿಗೆ 25,000 ದಾಟಿದರೆ ಗುಲಾಬಿ ಕಾರ್ಡಿಗೂ ಕುತ್ತು.

ಪಿಂಚಣಿಯನ್ನು ಇದರೊಂದಿಗೆ ಕಲಸಬೇಡಿ. ಅರುವತ್ತು ತುಂಬಿದವರಿಗೆ ಬರುವ ಕ್ಷೇಮ ಪಿಂಚಣಿಗೆ, ಅಂದರೆ 2025ರ ನವೆಂಬರಿನಿಂದ 2,000 ಆದದ್ದಕ್ಕೆ, ಕುಟುಂಬದ ವರಮಾನ ಮಿತಿ ವರ್ಷಕ್ಕೆ 1 ಲಕ್ಷ. ಲೈಫ್ ಅರ್ಜಿಗೆಂದು 2,88,000ದ ಸರ್ಟಿಫಿಕೇಟ್ ಮಾಡಿಸಿ ಅದನ್ನೇ ಪಿಂಚಣಿಗೂ ಕೊಟ್ಟು ಬಂದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಪಿಂಚಣಿಗೆ ಯಾರ ವರಮಾನ ಸೇರಿಸುತ್ತಾರೆ, ಯಾರದ್ದನ್ನು ಬಿಡುತ್ತಾರೆ ಎಂದು ಪಂಚಾಯತಿನ ಪಿಂಚಣಿ ವಿಭಾಗದಲ್ಲಿ ಮೊದಲೇ ವಿಚಾರಿಸಿ, ಅದಕ್ಕೆ ತಕ್ಕ ಸರ್ಟಿಫಿಕೇಟನ್ನು ಪ್ರತ್ಯೇಕವಾಗಿ ಮಾಡಿಸಿ.

ಕೊನೆಗೆ, ಕರಡು ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ಏನು ಮಾಡಬೇಕು? 2020ರ ಅರ್ಜಿಗಳಿಗೆ ಎರಡು ಹಂತದ ಅಪೀಲು ಇತ್ತು. ಗ್ರಾಮ ಪಂಚಾಯತಿನವರಿಗೆ ಮೊದಲನೆಯದು ಬ್ಲಾಕ್ ಮಟ್ಟದಲ್ಲಿ, ಎರಡನೆಯದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿಯ ಮುಂದೆ. ಅಪೀಲಿನಲ್ಲಿ ಬಡತನದ ಕತೆ ಬರೆಯಬೇಡಿ, ಯಾರೂ ಓದುವುದಿಲ್ಲ. ತಿರಸ್ಕಾರಕ್ಕೆ ಕೊಟ್ಟ ಕಾರಣ ಯಾವುದೋ ಅದಕ್ಕೆ ಮಾತ್ರ ಉತ್ತರ ಬರೆಯಿರಿ. ವರಮಾನ ಹೆಚ್ಚು ಎಂದಿದ್ದರೆ ತಲೆಗೊಂದು ಸಾಲು: ಹೆಸರು, ಕೆಲಸ, ವರ್ಷಕ್ಕೆ ಎಷ್ಟು ತಿಂಗಳ ದುಡಿಮೆ, ಎಷ್ಟು ರೂಪಾಯಿ, ದಾಖಲೆ ಯಾವುದು. ಮಗಳಿಗೆ ಮನೆ ಇದೆ ಎಂದಿದ್ದರೆ ಕಾರ್ಡಿನಿಂದ ಹೆಸರು ತೆಗೆದ ಪ್ರಮಾಣಪತ್ರ ಮತ್ತು ಅದರ ತಾರೀಕು. ಮಗನ ಕಾರು ಎಂದಿದ್ದರೆ ಅದು ಟ್ಯಾಕ್ಸಿ ಎಂಬುದಕ್ಕೆ ಆರ್‌ಸಿ ಪ್ರತಿ.

ಕನ್ನಡದಲ್ಲಿಯೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಅಲ್ಪಸಂಖ್ಯಾತ ಪ್ರದೇಶದವರಿಗೆ ಇಲ್ಲಿನ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ, ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು ಇದೆ. ಮಲಯಾಳದ ಫಾರಂನಲ್ಲಿ ಬೇರೆಯವರು ತುಂಬಿದ್ದಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ವರಮಾನದ ಕಾಲಂನಲ್ಲಿ ಅವರು ಏನು ಬರೆದರು ಎಂದು ನಿಮಗೆ ತಿಳಿಯುವುದು ಪಟ್ಟಿ ಬಂದ ಮೇಲೆ. "ಉತ್ತರವನ್ನು ಕನ್ನಡದಲ್ಲಿ ನೀಡಬೇಕಾಗಿ ವಿನಂತಿ" ಎಂಬ ಸಾಲನ್ನು ಕೆಳಗೆ ಸೇರಿಸಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸೀಲು ಮತ್ತು ತಾರೀಕು ಹಾಕಿಸಿಕೊಂಡು ಬನ್ನಿ. ಸೀಲು ಹಾಕಲು ಕ್ಲಾರ್ಕು ಊಟಕ್ಕೆ ಹೋಗಿದ್ದಾರೆ ಎಂದರೆ ಅವರು ಬರುವ ತನಕ ಅಲ್ಲೇ ಕೂರಿ.